ಬೆಂಗಳೂರಿನ ಆಂಗ್ಲ ಪತ್ರಿಕಾಕರ್ತ ಫಿಲಿಪ್ ಸ್ಪ್ರಾಟ್

ಮೈಸೂರು ಸೀಮೆಯ ಆಧುನಿಕ ಚರಿತ್ರೆಯನ್ನು ಓದುವವರಿಗೆ ಆಂಗ್ಲೇಯರ ಹೆಸರುಗಳು ಪದೇ ಪದೇ ಎದುರಾಗುತ್ತವೆ. ಅವುಗಳಲ್ಲಿ ಕೆಲವು ದಂಡನಾಯಕರವು. ೧೭೯೧ರಲ್ಲಿ ಬೆಂಗಳೂರನ್ನು ಹಿಡಿದು ಬಳಿಕ ದೇವನಹಳ್ಳಿಯ ಕೋಟೆಯನ್ನೂ ವಶಪಡಿಸಿಕೊಂಡ ಕಾರ್ನ್‌ವಾಲಿಸನ ಹೆಸರು ಅಂಥದು. ಕೆಲವು ವಿದ್ವಾಂಸರಾದ ಅಧಿಕಾರಿಗಳವು. ಬೆಂಗಳೂರಿನಲ್ಲಿಯೇ ಹುಟ್ಟಿ, ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನೊಳಗೊಂಡ ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ೧೯೦೫ರಲ್ಲಿ ಸಂಪುಟವಾಗಿ ಹೊರತಂದ ಬಿ. ಎಲ್. ರೈಸರನ್ನು ಕನ್ನಡ ವಿದ್ವಲ್ಲೋಕವು ಮರೆಯುವಂತಿಲ್ಲ. ಕೆಲವು ಪಾದ್ರಿಗಳವು, ೧೮೮೭ರಲ್ಲಿ ಮೈಸೂರಿನಿಂದ ಹೊರಟ ‘ವೃತ್ತಾಂತ ಪತ್ರಿಕೆ’ಯನ್ನು ನಡೆಯಿಸಿದ ಹೆನ್ರಿ ಹೇಗರು ಆ ಪಂಕ್ತಿಗೆ ಸೇರಿದವರು. ಈ ಮೂರು ವರ್ಗಗಳಲ್ಲಿ ಯಾವುದಕ್ಕೂ ಸೇರದ ಆಂಗ್ಲೇಯರೊಬ್ಬರು ಬೆಂಗಳೂರಿನಲ್ಲಿ ಸುಮಾರು ಇಪ್ಪತ್ತು ವರ್ಷ ಲೇಖನಿಯಿಂದ ಜೀವಿಸಿದ್ದರು. ಅವರು ಆಳಲು ಬಂದವರಲ್ಲ. ಆಳುವವರನ್ನು ಓಡಿಸಲು ಬಂದವರು. ಧರ್ಮಪ್ರಚಾರಕ್ಕೆ ಬಂದವರಲ್ಲ, ಧರ್ಮದಲ್ಲಿ ನಂಬಿಕೆಯೇ ಇಲ್ಲದವರು. ತಮ್ಮ ದೇಶದ ಸರ್ಕಾರದಿಂದಲೇ ಹನ್ನೆರಡು ವರ್ಷದ ಕಠಿನ ಶಿಕ್ಷೆಯನ್ನು ಪಡೆದವರು. ಅವರ ಹೆಸರು ಫಿಲಿಪ್ ಸ್ಪ್ರಾಟ್.

ಭಾರತದ ಸ್ವಾತಂತ್ರ್ಯಸಂಗ್ರಾಮದ ಇತಿಹಾಸಗಳಲ್ಲಿ ಈ ಹೆಸರು ಒಂದೇ ಸಂದರ್ಭದಲ್ಲಿ ಬರುತ್ತದೆ: ಮೀರತ್ ಒಳಸಂಚಿನ ಮೊಕದ್ದಮೆ. ಅಲ್ಲಿಗೆ ಗ್ರಂಥಕರ್ತರು ಸ್ಪ್ರಾಟರನ್ನು ಬಿಟ್ಟುಬಿಡುತ್ತಾರೆ. ಆ ಮೇಲಿನ ಮೂವತ್ತೇಳು ವರ್ಷಗಳಲ್ಲಿ ಅವರು ಏನು ಬರೆದರು, ಏಕೆ ಬರೆದರು ಎಂಬುದನ್ನು ವಿಚಾರಿಸಿದವರು ಕಡಮೆ. ವಿಚಾರಿಸಿದವರೂ ಅವರನ್ನು ಇಬ್ಬರು ಮನುಷ್ಯರನ್ನಾಗಿ ಸೀಳಿಬಿಡುತ್ತಾರೆ; ಒಬ್ಬನು ಕ್ರಾಂತಿಕಾರಿ, ಇನ್ನೊಬ್ಬನು ಕ್ರಾಂತಿಯ ದ್ರೋಹಿ. ಎಡಪಂಥದವರಿಗೆ ಮೊದಲನೆಯವನು ಬೇಕು, ಬಲಪಂಥದವರಿಗೆ ಎರಡನೆಯವನು ಬೇಕು. ಇಬ್ಬರೂ ಒಬ್ಬನೇ ಎಂಬುದೂ, ಆ ಏಕತೆಯ ಕೀಲು ಕನ್ನಡನಾಡಿನ ಒಂದು ಕೋಟೆಯೊಳಗೆ ಇದೆ ಎಂಬುದೂ ಈ ಲೇಖನದ ಪ್ರತಿಪಾದ್ಯ.

ಸ್ಪ್ರಾಟರು ೧೯೦೨ನೆಯ ಸೆಪ್ಟೆಂಬರ್ ೨೬ರಂದು ಲಂಡನ್ನಿನ ಕ್ಯಾಂಬರ್ವೆಲ್ ಎಂಬಲ್ಲಿ ಹುಟ್ಟಿದರು. ತಂದೆ ಉಪಾಧ್ಯಾಯರು. ೧೯೨೧ರಲ್ಲಿ ವಿದ್ಯಾರ್ಥಿವೇತನವನ್ನು ಸಂಪಾದಿಸಿ ಕೇಂಬ್ರಿಜ್ಜಿನ ಡೌನಿಂಗ್ ಕಾಲೇಜಿಗೆ ಗಣಿತವನ್ನು ಓದಲು ಹೋದರು. ಮಹಾಯುದ್ಧದಲ್ಲಿ ತಮ್ಮ ಅಣ್ಣಂದಿರ ಪೀಳಿಗೆ ನಾಶವಾದುದನ್ನು ಕಂಡ ತರುಣರು ಆಗ ಆ ವಿದ್ಯಾಪೀಠದಲ್ಲಿ ತುಂಬಿದ್ದರು. ರಾಜ್ಯತಂತ್ರದ ಹಳೆಯ ಮಾತುಗಳಲ್ಲಿ ಅವರಿಗೆ ಗೌರವ ಉಳಿದಿರಲಿಲ್ಲ. ಗಣಿತದ ವಿದ್ಯಾರ್ಥಿಯು ಕಮ್ಯೂನಿಸ್ಟ್ ಪಕ್ಷವನ್ನು ಸೇರಿದುದು ಈ ವಾತಾವರಣದಲ್ಲಿ. ಪಕ್ಷವು ಅವರನ್ನು ಭಾರತಕ್ಕೆ ಕಳುಹಿಸಿತು. ೧೯೨೬ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಇಳಿದಾಗ ಅವರಿಗೆ ೨೪ ವರ್ಷ. ಈ ದೇಶದ ಒಂದು ಭಾಷೆಯೂ ಬಾರದು, ಒಬ್ಬ ಬಂಧುವೂ ಇಲ್ಲ. ಕಾರ್ಮಿಕರ ಸಂಘಗಳನ್ನು ಬಲಪಡಿಸುವುದು, ಕಾರ್ಮಿಕ ಮತ್ತು ರೈತ ಪಕ್ಷವೆಂಬ ಸಂಸ್ಥೆಯನ್ನು ಪ್ರಾಂತಪ್ರಾಂತಗಳಲ್ಲಿ ಕಟ್ಟಲು ನೆರವಾಗುವುದು, ಇವು ಅವರಿಗೆ ಒಪ್ಪಿಸಿದ್ದ ಕಾರ್ಯಗಳು.

ಮುಂಬಯಿಯಲ್ಲಿ ಅವರಿಗೆ ದೊರೆತ ಸಹಕಾರಿಗಳಲ್ಲಿ ಕನ್ನಡನಾಡಿನವರೊಬ್ಬರಿದ್ದುದನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು. ಸಚ್ಚಿದಾನಂದ ವಿಷ್ಣು ಘಾಟೆ ಅವರು ಮಂಗಳೂರಿನಲ್ಲಿ ಹುಟ್ಟಿದವರು. ೧೯೨೫ರ ಡಿಸೆಂಬರಿನಲ್ಲಿ ಮದರಾಸಿನ ಸಿಂಗಾರವೇಲು ಚೆಟ್ಟಿಯಾರರ ಅಧ್ಯಕ್ಷತೆಯಲ್ಲಿ ಕಾನಪುರದಲ್ಲಿ ನೆರೆದ ಕಮ್ಯೂನಿಸ್ಟರ ಮೊದಲ ಸಮ್ಮೇಳನವು ಆರಿಸಿದ ಕಾರ್ಯದರ್ಶಿಗಳಲ್ಲಿ ಇವರೂ ಒಬ್ಬರು. ಸ್ಪ್ರಾಟರ ಮುಂದಿನ ಬಾಳಿನಲ್ಲಿ ಘಾಟೆಯವರ ಹೆಸರು ಒಂದು ವಿಚಿತ್ರ ರೀತಿಯಲ್ಲಿ ಜೊತೆಗೂಡಿಕೊಂಡು ಬರುತ್ತದೆ.

ಸ್ಪ್ರಾಟರ ಪತ್ರಿಕಾಜೀವನಕ್ಕೆ ನಾಂದಿಯಾದುದು ಒಂದು ಕಿರುಹೊತ್ತಗೆ. ೧೯೨೭ರಲ್ಲಿ ಅವರು ‘ಇಂಡಿಯಾ ಮತ್ತು ಚೀನಾ’ ಎಂಬ ಚಿಕ್ಕ ಪುಸ್ತಕವನ್ನು ಬರೆದರು. ಆ ವರ್ಷ ಬ್ರಿಟಿಷ್ ಸರ್ಕಾರವು ಭಾರತೀಯ ಸೈನ್ಯವನ್ನು ಷಾಂಘೈಗೆ ಕಳುಹಿಸಿದ್ದಿತು. ಚೀನೀಯರ ರಾಷ್ಟ್ರೀಯ ಸಮರವು ಭಾರತೀಯರಿಗೆ ಪಾಠವಾಗಬೇಕೆಂಬುದು ಪುಸ್ತಕದ ತಾತ್ಪರ್ಯ. ಸರ್ಕಾರವು ಇದನ್ನು ರಾಜದ್ರೋಹವೆಂದು ಕರೆದು ಗ್ರಂಥಕರ್ತರನ್ನು ಸೆರೆಹಿಡಿಯಿತು. ಮುಂಬಯಿಯ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಜೂರಿಯವರು ನಿರಪರಾಧಿಯೆಂದು ತೀರ್ಮಾನಿಸಿದರು. ಈ ತೀರ್ಮಾನವನ್ನು ಸರ್ಕಾರವು ಮರೆಯಲಿಲ್ಲವೆಂದು ಎರಡು ವರ್ಷಗಳಲ್ಲಿ ಗೊತ್ತಾಯಿತು.

೧೯೨೮ನೆಯ ವರ್ಷ ಮುಂಬಯಿಯ ಗಿರಣಿಗಳಲ್ಲಿ ಮಹಾಮುಷ್ಕರವಾಯಿತು. ಗಿರಣಿ ಕಾಮಗಾರ ಸಂಘವು ಸಹಸ್ರಾರು ಕೂಲಿಕಾರರನ್ನು ಒಟ್ಟುಗೂಡಿಸಿತು. ೧೯೨೯ನೆಯ ಮಾರ್ಚ್ ೨೦ರಂದು ಸರ್ಕಾರವು ದೇಶದ ನಾನಾ ನಗರಗಳಲ್ಲಿ ಏಕಕಾಲಕ್ಕೆ ೩೧ ಮಂದಿಯನ್ನು ಸೆರೆಹಿಡಿಯಿತು. ಇವರಲ್ಲಿ ಸ್ಪ್ರಾಟ್ ಮತ್ತು ಬ್ರಾಡ್ಲೆ ಎಂಬ ಇಬ್ಬರು ಆಂಗ್ಲೇಯರು. ಅನಂತರ ಹಚಿನ್ಸನ್ ಎಂಬ ಮೂರನೆಯ ಆಂಗ್ಲೇಯನೂ, ಅವನೂ ಪತ್ರಿಕಾಕರ್ತನೇ, ಆರೋಪಿಗಳ ಪಂಕ್ತಿಗೆ ಸೇರಿದನು. ಚಕ್ರವರ್ತಿಗೆ ಬ್ರಿಟಿಷ್ ಇಂಡಿಯಾದ ಮೇಲಿರುವ ಸಾರ್ವಭೌಮತ್ವವನ್ನು ತಪ್ಪಿಸಲು ಒಳಸಂಚು ನಡೆಸಿದರೆಂಬುದು ಆರೋಪ. ಆರೋಪಿತರಲ್ಲಿ ಬಹುಮಂದಿ ಮುಂಬಯಿ ಕಲ್ಕತ್ತೆಗಳಲ್ಲಿ ಕೆಲಸಮಾಡಿದವರಾದರೂ ವಿಚಾರಣೆಗೆ ಆರಿಸಿದ ಸ್ಥಳ ಮೀರತ್. ಅಲ್ಲಿ ಜೂರಿಯ ಪದ್ಧತಿ ಇರಲಿಲ್ಲ, ಅಭಿಪ್ರಾಯ ಹೇಳುವ ಅಸೆಸರುಗಳು ಮಾತ್ರವಿದ್ದರು. ಮುಂಬಯಿಯ ಜೂರಿಯವರಿಂದ ಒಮ್ಮೆ ಪಾಠ ಕಲಿತ ಸರ್ಕಾರಕ್ಕೆ ಈ ಅನುಕೂಲ ಕಾಣದೆ ಹೋಗಿರಲಾರದು. ಪ್ರಕರಣವು ಸುಮಾರು ನಾಲ್ಕು ವರ್ಷ ಎಳೆಯಿತು. ಆರೋಪಿತರಲ್ಲಿ ಅನೇಕರು ತಪ್ಪಿಸಿಕೊಳ್ಳುವ ಯತ್ನವನ್ನೇ ಬಿಟ್ಟು ನ್ಯಾಯಸ್ಥಾನವನ್ನು ತಮ್ಮ ಸಿದ್ಧಾಂತದ ವ್ಯಾಖ್ಯಾನಪೀಠವನ್ನಾಗಿ ಮಾಡಿಕೊಂಡರು.

೧೯೩೩ರ ಜನವರಿಯಲ್ಲಿ ತೀರ್ಪು ಹೊರಬಿದ್ದಿತು. ಮುಜಫ್ಫರ್ ಅಹಮದರಿಗೆ ಆಜೀವ ದ್ವೀಪಾಂತರ. ಡಾಂಗೆ, ಸ್ಪ್ರಾಟ್, ಘಾಟೆ ಮೊದಲಾದವರಿಗೆ ಹನ್ನೆರಡು ವರ್ಷ. ಲಂಡನ್ನಿನ ಉಪಾಧ್ಯಾಯನ ಮಗನಿಗೂ ಮಂಗಳೂರಿನ ತರುಣನಿಗೂ ಒಂದೇ ತೂಕದ ದಂಡ. ಅದೇ ವರ್ಷದ ಆಗಸ್ಟಿನಲ್ಲಿ ಅಲಹಾಬಾದಿನ ಹೈಕೋರ್ಟು ಮೇಲ್ಮನವಿಯನ್ನು ವಿಚಾರಿಸಿ ಶಿಕ್ಷೆಗಳನ್ನು ಬಹುವಾಗಿ ಇಳಿಸಿತು. ಸ್ಪ್ರಾಟರ ಹನ್ನೆರಡು ವರ್ಷ ಎರಡಾಯಿತು. ಮುಖ್ಯ ನ್ಯಾಯಾಧೀಶರಾಗಿದ್ದವರು ಸರ್ ಷಾ ಮಹಮ್ಮದ್ ಸುಲೈಮಾನರು. ಇವರು ನ್ಯಾಯಪೀಠದಿಂದ ಇಳಿದ ಬಳಿಕ ಸಾಪೇಕ್ಷತಾ ಸಿದ್ಧಾಂತದ ಗಣಿತದಲ್ಲಿ ಮುಳುಗುತ್ತಿದ್ದ ವಿದ್ವಾಂಸರು. ಒಬ್ಬ ಗಣಿತಜ್ಞನ ಮುಂದೆ ಇನ್ನೊಬ್ಬ ಗಣಿತವಿದ್ಯಾರ್ಥಿಯ ಬಾಳು ಹನ್ನೆರಡರಿಂದ ಎರಡಕ್ಕೆ ಸಂಕ್ಷೇಪವಾದುದು ಒಂದು ಸೋಜಿಗ.

ಈ ವರೆಗಿನದು ಎಲ್ಲರೂ ಬಲ್ಲ ಕಥೆ. ಮುಂದಿನದು ಕನ್ನಡನಾಡಿನೊಳಗಿನ ಕಥೆ.

೧೯೩೪ರಲ್ಲಿ ಸೆರೆಯಿಂದ ಬಿಡುಗಡೆಯಾದ ಸ್ಪ್ರಾಟರನ್ನು ಸರ್ಕಾರವು ಸ್ವತಂತ್ರವಾಗಿ ತಿರುಗಾಡಲು ಬಿಡಲಿಲ್ಲ. ವಿಚಾರಣೆಯಿಲ್ಲದೆ ಬೆಳಗಾವಿಯ ಕೋಟೆಯಲ್ಲಿ ನಿರ್ಬಂಧದಲ್ಲಿರಿಸಿತು. ಸುಮಾರು ಒಂದೂವರೆ ವರ್ಷ, ೧೯೩೬ರ ಜೂನಿನ ವರೆಗೆ, ಅವರು ಅಲ್ಲಿದ್ದರು. ಬೆಳಗಾವಿ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಹತ್ತು ವರ್ಷಗಳ ಹಿಂದೆ, ೧೯೨೪ರ ಡಿಸೆಂಬರಿನಲ್ಲಿ, ಅದೇ ಊರಿನಲ್ಲಿ ಗಾಂಧಿಯವರು ಕಾಂಗ್ರೆಸ್ಸಿನ ಅಧ್ಯಕ್ಷಪೀಠವನ್ನು ಅಲಂಕರಿಸಿದ್ದರು. ಅವರು ಆ ಪೀಠದಲ್ಲಿ ಕುಳಿತುದು ಅದೊಂದೇ ಸಲ. ಕೋಟೆಯ ಒಳಗೆ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ, ಹದಿಮೂರನೆಯ ಶತಮಾನದ ಆದಿಯಲ್ಲಿ, ಎದ್ದ ಕಮಲ ಬಸದಿಯಿದೆ. ಅಹಿಂಸೆಯನ್ನು ಪರಮಧರ್ಮವೆಂದು ಸಾರಿದ ಜೈನಮತದ ಈ ದೇಗುಲವಿರುವ ಕೋಟೆಯಲ್ಲಿ ಕುಳಿತು, ಹಿಂಸಾತ್ಮಕ ಕ್ರಾಂತಿಯ ದೂತನಾಗಿ ಬಂದ ಆಂಗ್ಲೇಯನು ಗಾಂಧೀವಾದದ ಪರೀಕ್ಷೆಗೆ ತೊಡಗಿದನು. ಹೀಗೆ ಹುಟ್ಟಿದ ಗ್ರಂಥವೇ ‘ಗಾಂಧಿಸಮ್: ಆನ್ ಅನಾಲಿಸಿಸ್’, ಗಾಂಧೀಮತದ ವಿಶ್ಲೇಷಣೆ, ೧೯೩೯ರಲ್ಲಿ ಮದರಾಸಿನಲ್ಲಿ ಪ್ರಕಟವಾಯಿತು.

ಇದು ಭಕ್ತನ ಗ್ರಂಥವೂ ಆಗಿಲ್ಲ, ವೈರಿಯ ಗ್ರಂಥವೂ ಆಗಿಲ್ಲ. ಅಂದಿನ ಮಾರ್ಕ್ಸ್‌ವಾದಿಗಳು ಗಾಂಧಿಯವರನ್ನು ಬಂಡವಳಿಗರ ಕೈಗೊಂಬೆಯೆಂದು ಎರಡು ಮಾತಿನಲ್ಲಿ ತಳ್ಳಿಹಾಕುತ್ತಿದ್ದರು. ಸ್ಪ್ರಾಟರಿಗೆ ಆ ಎರಡು ಮಾತು ಸಾಲದೆ ಹೋಯಿತು. ಕೋಟ್ಯನುಕೋಟಿ ಜನರು ಒಬ್ಬ ಮನುಷ್ಯನ ಹಿಂದೆ ನಡೆಯುತ್ತಿರುವಾಗ ಆ ನಡಿಗೆಗೆ ಕಾರಣವನ್ನು ಹುಡುಕದೆ ಹೆಸರಿಟ್ಟು ಸುಮ್ಮನಾಗುವುದು ಶಾಸ್ತ್ರವಾಗಲಾರದೆಂಬ ಅರಿವು ಅವರನ್ನು ದೊಡ್ಡ ಗ್ರಂಥವನ್ನೇ ಬರೆಯುವಂತೆ ಮಾಡಿತು. ನಮ್ಮ ಶಾಸ್ತ್ರಕಾರರ ಪದ್ಧತಿಯಲ್ಲಿ ಹೇಳುವುದಾದರೆ, ಅವರು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮಂಡಿಸಲು ಕಲಿತುದು ಬೆಳಗಾವಿಯಲ್ಲಿ. ಎದುರಾಳಿಯ ಮತವನ್ನು ದುರ್ಬಲವಾಗಿ ಅನುವಾದಮಾಡಿ ಖಂಡಿಸುವವನು ತನ್ನ ಸಿದ್ಧಾಂತವನ್ನೂ ದುರ್ಬಲಗೊಳಿಸುತ್ತಾನೆಂಬುದನ್ನು ಮೀಮಾಂಸೆಯ ಒಂದು ಅಧಿಕರಣವನ್ನು ಓದಿದ ವಿದ್ಯಾರ್ಥಿಯೂ ಬಲ್ಲನು. ಪಕ್ಷಗಳ ರಾಜಕೀಯದಲ್ಲಿ ಬೆಳೆದವನಿಗೆ ಇದು ಸೆರೆಮನೆಯಲ್ಲಿ ಮಾತ್ರ ಸಿಕ್ಕಬಹುದಾದ ವಿದ್ಯೆ. ಒಮ್ಮೆ ಈ ಅಭ್ಯಾಸವಾದ ಮೇಲೆ ಅದು ಗಾಂಧಿಯವರಲ್ಲಿಗೇ ನಿಲ್ಲಲಿಲ್ಲ. ಅದೇ ಪರೀಕ್ಷೆ ಮಾರ್ಕ್ಸ್‌ಮತದ ಕಡೆಗೂ ತಿರುಗಿತು. ೧೯೩೬ರಿಂದ ೧೯೩೮ರ ವರೆಗೆ ಮಾಸ್ಕೋ ನಗರದಲ್ಲಿ ಹಳೆಯ ಕ್ರಾಂತಿಕಾರರನ್ನೇ ದ್ರೋಹಿಗಳೆಂದು ಕೊಂದ ವಿಚಾರಣೆಗಳು ನಡೆದುವು. ೧೯೩೯ರಲ್ಲಿ ರಷ್ಯವು ಜರ್ಮನಿಯೊಡನೆ ಒಪ್ಪಂದ ಮಾಡಿಕೊಂಡು ಅದೇ ವರ್ಷದ ಕೊನೆಗೆ ಫಿನ್ಲೆಂಡಿನ ಮೇಲೆ ಬಿದ್ದಿತು. ಮೀರತ್ತಿನಲ್ಲಿ ತಾನು ಅನುಭವಿಸಿದುದಕ್ಕಿಂತ ಘೋರವಾದ ನ್ಯಾಯಾಭಾಸವನ್ನು ತನ್ನ ಆರಾಧ್ಯ ರಾಜ್ಯವೇ ನಡೆಸುವುದನ್ನು ನೋಡಿ ಸುಮ್ಮನಿರಲು ಸ್ಪ್ರಾಟರಿಗೆ ಆಗಲಿಲ್ಲ. ನಲವತ್ತರ ದಶಕದ ಆದಿಯ ವೇಳೆಗೆ ಅವರು ಕಮ್ಯೂನಿಸಮ್ಮಿನಿಂದ ಪೂರ್ಣವಾಗಿ ಹೊರಬಂದಿದ್ದರು. ಎಮ್. ಎನ್. ರಾಯರ ಬಳಗದ ಸಹವಾಸವು ಈ ನಡುಗಾಲದ್ದು. ೧೯೪೭ರಲ್ಲಿ ಅವರು ಬರೆದ ಒಂದು ಗ್ರಂಥದ ಹೆಸರೇ ‘ಬಿಯಾಂಡ್ ಕಮ್ಯೂನಿಸಮ್’, ಎಂದರೆ ಕಮ್ಯೂನಿಸಮ್ಮಿನಿಂದಾಚೆಗೆ.

೧೯೩೯ರಲ್ಲಿ ಸ್ಪ್ರಾಟರು ಸಿಂಗಾರವೇಲು ಚೆಟ್ಟಿಯಾರರ ಬಂಧುವರ್ಗದ ಕನ್ಯೆಯನ್ನು ವಿವಾಹವಾಗಿ ಈ ದೇಶದಲ್ಲಿಯೇ ನೆಲೆನಿಂತರು. ಅನಂತರ ಬೆಂಗಳೂರಿಗೆ ಬಂದು ‘ಮೈಸ್‌ಇಂಡಿಯಾ’ ಎಂಬ ಆಂಗ್ಲ ವಾರಪತ್ರಿಕೆಯ ಸಂಪಾದಕರಾದರು. ಮೈಸೂರು, ಇಂಡಿಯಾ ಎಂಬ ಎರಡು ಶಬ್ದಗಳನ್ನು ಸಂಧಿಮಾಡಿ ಇಟ್ಟ ಹೆಸರು; ಯಾವ ವ್ಯಾಕರಣದ ಸೂತ್ರಕ್ಕೂ ಸಲ್ಲದಿದ್ದರೂ ಪತ್ರಿಕೆಯ ಉದ್ದೇಶವನ್ನು ಚೆನ್ನಾಗಿ ತಿಳಿಸುತ್ತದೆ.

ಅಂದಿನ ಬೆಂಗಳೂರಿನಲ್ಲಿ ಪತ್ರಿಕೆ ನಡೆಸುವುದು ಎಂಥ ಕಾರ್ಯವೆಂಬುದನ್ನು ಇಲ್ಲಿ ನೆನೆಯುವುದು ಉಚಿತ. ಪೇಟೆಯು ಮೈಸೂರು ಮಹಾರಾಜರ ಆಡಳಿತಕ್ಕೂ ದಂಡು ಬ್ರಿಟಿಷರ ಆಡಳಿತಕ್ಕೂ ಒಳಪಟ್ಟು, ಒಂದೇ ಊರಿನಲ್ಲಿ ಎರಡು ರಾಜ್ಯಗಳ ಶಾಸನ ನಡೆಯುತ್ತಿದ್ದಿತು. ದಂಡು ಮೈಸೂರಿಗೆ ಮರಳಿದುದು ೧೯೪೭ನೆಯ ಜುಲೈ ೨೬ರಂದು, ಸ್ವಾತಂತ್ರ್ಯಕ್ಕೆ ಇಪ್ಪತ್ತು ದಿನ ಮಾತ್ರ ಮುಂಚೆ. ೧೯೦೮ರಲ್ಲಿ ಮೈಸೂರು ಸರ್ಕಾರವು ತನ್ನ ಅನುಮತಿಯಿಲ್ಲದೆ ಯಾರೂ ವೃತ್ತಪತ್ರಿಕೆಯನ್ನು ನಡೆಸಬಾರದೆಂದು ಮಾಡಿದ ಕಾನೂನಿನ ಕಹಿನೆನಪು ಪತ್ರಿಕಾಕರ್ತರಲ್ಲಿ ಬಹುಕಾಲ ಉಳಿದಿದ್ದಿತು. ಕನ್ನಡ ಪತ್ರಿಕೆಗಳು ‘ವಿಶ್ವಕರ್ನಾಟಕ’, ‘ತಾಯಿನಾಡು’ ಮೊದಲಾದವು ಜವಾಬ್ದಾರಿ ಸರ್ಕಾರದ ಹೋರಾಟದಲ್ಲಿ ತೊಡಗಿದ್ದುವು. ೧೯೪೮ರಲ್ಲಿ ‘ಡೆಕ್ಕನ್ ಹೆರಾಲ್ಡ್’ ಮತ್ತು ‘ಪ್ರಜಾವಾಣಿ’ ಹುಟ್ಟಿದುವು. ಬಸವನಗುಡಿಯ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಯ ಮೂಲಕ ಡಿ. ವಿ. ಗುಂಡಪ್ಪನವರು ಪ್ರಜೆಗಳಿಗೆ ರಾಜ್ಯಶಾಸ್ತ್ರದ ಪಾಠವನ್ನು ಹೇಳುತ್ತಿದ್ದರು. ಇಷ್ಟು ಮಂದಿಯ ನಡುವೆ ಆಂಗ್ಲೇಯನೊಬ್ಬನು ನಡೆಸುವ ವಾರಪತ್ರಿಕೆಗೆ ಏನು ಸ್ಥಾನವಿದ್ದಿತು?

ಸ್ಥಾನವೇನೋ ಚಿಕ್ಕದೇ. ಆದರೆ ಆ ಸ್ಥಾನದಿಂದ ಹೇಳಿದ ಮಾತುಗಳು ಬೇರೆ ಯಾರೂ ಹೇಳಲು ಹಿಂಜರಿಯುತ್ತಿದ್ದಂಥವು. ಸ್ವಾತಂತ್ರ್ಯಾನಂತರದ ಮೊದಲ ಹತ್ತು ವರ್ಷಗಳಲ್ಲಿ ಜವಾಹರಲಾಲ ನೆಹರೂರವರ ಕೀರ್ತಿ ಮಧ್ಯಾಹ್ನದ ಸೂರ್ಯನಂತೆ ಇದ್ದಿತು. ಅವರ ವಿದೇಶನೀತಿಯನ್ನೂ ಸರ್ಕಾರವೇ ಉದ್ಯಮಗಳನ್ನು ನಡೆಸುವ ಯೋಜನೆಗಳನ್ನೂ ‘ಮೈಸ್‌ಇಂಡಿಯಾ’ ವಾರವಾರವೂ ಪರೀಕ್ಷಿಸಿತು. ಕಾಸರಗೋಡು ಸೀಮೆಯಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಬಿ. ಆರ್. ಶೆಣೈಯವರು ೧೯೫೫ರಲ್ಲಿ ಎರಡನೆಯ ಪಂಚವಾರ್ಷಿಕ ಯೋಜನೆಯ ವಿಷಯದಲ್ಲಿ, ಪಂಡಿತರ ಸಮಿತಿಯಲ್ಲಿ ಏಕಾಂಗಿಯಾಗಿ, ಭಿನ್ನಮತದ ಟಿಪ್ಪಣಿಯನ್ನು ಬರೆದರಷ್ಟೆ. ಅಂಥ ಭಿನ್ನಮತಕ್ಕೆ ಆಗ ದೇಶದಲ್ಲಿ ಆಶ್ರಯವಿದ್ದ ಕೆಲವೇ ಪತ್ರಿಕೆಗಳಲ್ಲಿ ಬೆಂಗಳೂರಿನದೂ ಒಂದು.

ಎಲ್ಲಕ್ಕಿಂತ ಸಾಹಸದ ಲೇಖನ ೧೯೫೨ರದು. ಕಾಶ್ಮೀರದ ವಿಷಯ. ಭಾರತವು ಆ ಕಣಿವೆಯ ಮೇಲಿನ ಹಕ್ಕನ್ನು ಬಿಟ್ಟು, ಷೇಖ್ ಅಬ್ದುಲ್ಲಾರವರು ಬಯಸಿದರೆ ಅದನ್ನು ಸ್ವತಂತ್ರವಾಗಿರಲು ಬಿಡಬೇಕು. ಸೈನ್ಯವನ್ನು ಹಿಂದಕ್ಕೆ ಕರೆಯಿಸಿ, ಕೊಟ್ಟ ಸಾಲವನ್ನು ತೊಡೆದುಹಾಕಬೇಕು. ಹಿಡಿದಿಟ್ಟುಕೊಳ್ಳುವುದಕ್ಕೆ ತಗಲುವ ವೆಚ್ಚಕ್ಕೆ ಕೊನೆಯೇ ಇರಲಾರದು. ಒಂದು ಪ್ರಾಂತಕ್ಕೆ ವಿಶೇಷ ಸವಲತ್ತು ಕೊಟ್ಟರೆ ಇತರ ಪ್ರಾಂತಗಳಲ್ಲಿ ಅಸಮಾಧಾನ ಬೆಳೆಯುತ್ತದೆ ಎಂಬುದು ಅದರ ಸಾರ. ಈ ಮತವನ್ನು ಒಪ್ಪುವವರು ಅಂದು ವಿರಳ, ಅನಂತರವೂ ವಿರಳ. ೧೯೪೭ರಲ್ಲಿ ನಡೆದ ಆಕ್ರಮಣವನ್ನೂ ರಾಜ್ಯದ ವಿಲೀನಪತ್ರವನ್ನೂ ಅದು ಲಘುವಾಗಿ ಎಣಿಸುತ್ತದೆಂಬ ಆಕ್ಷೇಪಕ್ಕೆ ಬಲವಿದೆ. ಲೇಖಕನ ಲೆಕ್ಕಾಚಾರದಲ್ಲಿ ನೀತಿಗಿಂತ ಮಿತವ್ಯಯಕ್ಕೆ ಹೆಚ್ಚು ಸ್ಥಾನವಿದೆಯೆಂದೂ ಹೇಳಬೇಕು. ಆದರೂ ಇತಿಹಾಸಕಾರನಿಗೆ ಮ��ಖ್ಯವಾದುದು ಬೇರೆಯ ಒಂದು ಸಂಗತಿ. ೧೯೨೭ರಲ್ಲಿ ಬ್ರಿಟಿಷ್ ಸರ್ಕಾರದ ಕೆಳಗೆ, ಭಾರತೀಯ ಸೈನ್ಯವನ್ನು ಷಾಂಘೈಗೆ ಏಕೆ ಕಳುಹಿಸಬೇಕೆಂದು ಕೇಳಿದ ಲೇಖನಿಯೇ ೧೯೫೨ರಲ್ಲಿ ಸ್ವತಂತ್ರ ಸರ್ಕಾರದ ಕೆಳಗೆ, ಭಾರತೀಯ ಸೈನ್ಯವು ಶ್ರೀನಗರದಲ್ಲಿ ಏಕಿರಬೇಕೆಂದು ಕೇಳಿತು. ಮೊದಲನೆಯ ಪ್ರಶ್ನೆಗೆ ಸೆರೆಮನೆಯ ಉತ್ತರ ಬಂದಿತು. ಎರಡನೆಯದಕ್ಕೆ ಅಂಥ ಉತ್ತರ ಬರಲಿಲ್ಲ. ಜನ್ಮತಃ ಆಂಗ್ಲೇಯನಾದವನು ಭಾರತದ ಅತ್ಯಂತ ಸೂಕ್ಷ್ಮವಾದ ವಿಷಯದಲ್ಲಿ ಹೀಗೆ ಬರೆದು ಬೆಂಗಳೂರಿನಲ್ಲಿ ನೆಮ್ಮದಿಯಾಗಿ ಸಂಸಾರ ನಡೆಸಿಕೊಂಡಿದ್ದನು. ನೆಹರೂರವರ ಆಳ್ವಿಕೆಯ ಕಟುವಿಮರ್ಶಕನ ಬಾಳೇ ಆ ಆಳ್ವಿಕೆಗೆ ದೊರೆತ ಒಂದು ಪ್ರಶಂಸಾಪತ್ರವಾಗಿ ನಿಂತಿತು.

ಗೌತಮನ ನ್ಯಾಯಸೂತ್ರಗಳು ಕಥೆಯನ್ನು, ಎಂದರೆ ಶಾಸ್ತ್ರೀಯ ಸಂಭಾಷಣೆಯನ್ನು, ಮೂರಾಗಿ ವಿಭಾಗಿಸುತ್ತವೆ. ತತ್ತ್ವವನ್ನು ತಿಳಿಯಲು ನಡೆಸುವುದು ವಾದ. ಗೆಲ್ಲಲು ನಡೆಸುವುದು ಜಲ್ಪ. ಸ್ವಪಕ್ಷಸ್ಥಾಪನೆಯಿಲ್ಲದೆ ಪರಪಕ್ಷವನ್ನು ಕೆಡಹುವುದೇ ಗುರಿಯಾದುದು ವಿತಂಡೆ. ವೃತ್ತಪತ್ರಿಕೆಯ ರಾಜಕೀಯ ಲೇಖನಗಳನ್ನು ತೂಗಲು ಇದಕ್ಕಿಂತ ಒಳ್ಳೆಯ ತಕ್ಕಡಿ ಸಿಕ್ಕುವುದು ದುರ್ಲಭ. ಸ್ಪ್ರಾಟರ ಕಾಶ್ಮೀರಲೇಖನವು ವಾದ. ಅಲ್ಲಿ ಪ್ರತಿಜ್ಞೆಯಿದೆ, ಹೇತುವಿದೆ, ಲೇಖಕನಿಗೆ ಯಾವ ಲಾಭವೂ ಇಲ್ಲ. ಕಮ್ಯೂನಿಸಮ್ಮನ್ನು ಕುರಿತ ಅವರ ಬರೆಹಗಳೆಲ್ಲ ಈ ಮಟ್ಟದಲ್ಲಿ ನಿಲ್ಲುವುದಿಲ್ಲ. ಐವತ್ತರ ದಶಕದಲ್ಲಿ ಜಗತ್ತು ಅಮೆರಿಕ ರಷ್ಯಗಳ ಎರಡು ಪಾಳೆಯಗಳಾಗಿ ಒಡೆದಾಗ ‘ಮೈಸ್‌ಇಂಡಿಯಾ’ ಅಮೆರಿಕದ ಪಾಳೆಯಕ್ಕೆ ತೀರ ಹತ್ತಿರ ನಿಂತಿತು. ಪತ್ರಿಕೆಯಲ್ಲಿ ಜಲ್ಪದ ದನಿ ಹೆಚ್ಚಿತು. ಒಂದು ಮತವನ್ನು ಬಿಟ್ಟವನಿಗೆ ಆ ಮತದಲ್ಲಿರುವ ಒಳ್ಳೆಯದು ಎಲ್ಲರಿಗಿಂತ ಕಡಮೆ ಕಾಣುವುದು ಲೋಕರೂಢಿ. ಗಾಂಧಿಯವರ ಪೂರ್ವಪಕ್ಷಕ್ಕೆ ಬೆಳಗಾವಿಯಲ್ಲಿ ದೊರೆತ ತಾಳ್ಮೆ ತನ್ನ ಹಳೆಯ ಸಂಗಾತಿಗಳ ಪೂರ್ವಪಕ್ಷಕ್ಕೆ ಬೆಂಗಳೂರಿನಲ್ಲಿ ಯಾವಾಗಲೂ ದೊರೆಯಲಿಲ್ಲ.

೧೯೫೧ರಲ್ಲಿ ಮುಂಬಯಿಯಲ್ಲಿ ಸೇರಿದ ಸಾಂಸ್ಕೃತಿಕ ಸ್ವಾತಂತ್ರ್ಯದ ಸಮ್ಮೇಳನದಿಂದ ಹುಟ್ಟಿದ ಭಾರತೀಯ ಸಂಸ್ಥೆಗೆ ಸ್ಪ್ರಾಟರು ಕಾರ್ಯದರ್ಶಿಗಳಾಗಿದ್ದರು. ಈ ಚಳವಳಿಯ ಮಾತೃಸಂಸ್ಥೆ ಪ್ಯಾರಿಸ್ಸಿನಲ್ಲಿದ್ದಿತು. ಅದಕ್ಕೆ ಅಮೆರಿಕದ ಗುಪ್ತಚಾರ ಇಲಾಖೆಯ ಹಣ ಬರುತ್ತಿದ್ದುದು ೧೯೬೬-೬೭ರಲ್ಲಿ ಬಯಲಾಗಿ ಲೋಕವೆಲ್ಲ ಗದ್ದಲವಾಯಿತು. ಮೀರತ್ತಿನಲ್ಲಿ ಸರ್ಕಾರದ ವಕೀಲರು ಮಾಸ್ಕೋ ಹಣದ ವಿಚಾರವನ್ನು ವಿಸ್ತರಿಸಿ ಹೇಳಿದ್ದರು; ಮೂವತ್ತಕ್ಕೂ ಹೆಚ್ಚು ವರ್ಷದ ಮೇಲೆ ಹಳೆಯ ಆರೋಪಿತನು ಸೇರಿದ್ದ ಚಳವಳಿಗೆ ವಾಷಿಂಗ್ಟನ್ನಿನ ಹಣದ ಮಸಿ ಹತ್ತಿತು. ಇಷ್ಟರಿಂದ ಮನುಷ್ಯನ ಮಾತನ್ನೆಲ್ಲ ಕೂಲಿಯ ಮಾತೆಂದು ತಳ್ಳಿಹಾಕುವವರುಂಟು. ಅವರು ಎರಡು ಸಲವೂ ತಳ್ಳಿಹಾಕಬೇಕಾಗುತ್ತದೆ. ೧೯೨೭ರ ಕಿರುಹೊತ್ತಗೆಯನ್ನು ವೀರಕೃತಿಯೆಂದು ಇಟ್ಟುಕೊಂಡು ೧೯೫೨ರ ಲೇಖನವನ್ನು ಮಾತ್ರ ಎಸೆಯುವಂತಿಲ್ಲ. ಹೇತುವು ಸದ್ಧೇತುವೋ ಹೇತ್ವಾಭಾಸವೋ ಎಂಬುದನ್ನು ಹೇತುವಿನಲ್ಲಿಯೇ ನೋಡಬೇಕಲ್ಲದೆ ಹೇಳುವವನ ಚೀಲದಲ್ಲಿ ನೋಡಿ ತೀರ್ಮಾನಿಸುವ ಪದ್ಧತಿಯನ್ನು ಯಾವ ತಾರ್ಕಿಕನೂ ಒಪ್ಪಿಲ್ಲ.

೧೯೫೫ರಲ್ಲಿ ಕಲ್ಕತ್ತೆಯಲ್ಲಿ ಸ್ಪ್ರಾಟರ ಆತ್ಮಕಥನವು ‘ಬ್ಲೋಯಿಂಗ್ ಅಪ್ ಇಂಡಿಯಾ’ ಎಂಬ ಹೆಸರಿನಿಂದ ಪ್ರಕಟವಾಯಿತು. ಭಾರತವನ್ನು ಸಿಡಿಮದ್ದಿನಿಂದ ಹಾರಿಸುವುದು ಎಂದು ಇದರ ಅರ್ಥ. ತನ್ನ ಯೌವನವನ್ನು ತಾನೇ ನಗೆಯಾಡಿಕೊಂಡ ಹೆಸರು. ಆತ್ಮಕಥನವನ್ನು ಆತ್ಮಸ್ತುತಿಯನ್ನಾಗಿ ಮಾಡುವ ಚಪಲವು ರಾಜಕೀಯದವರಲ್ಲಿ ಸಾಮಾನ್ಯವಾಗಿರುವಾಗ, ಇದು ಓದಲು ಯೋಗ್ಯವಾದ ಗ್ರಂಥ. ‘ಎ ನ್ಯೂ ಲುಕ್ ಅಟ್ ಮಾರ್ಕ್ಸಿಸಮ್’ ಎಂಬ ಇನ್ನೊಂದು ಗ್ರಂಥ ೧೯೫೭ರಲ್ಲಿ ಬಂದಿತು.

ಪಂಡಿತರ ಗಮನಕ್ಕೆ ಹೆಚ್ಚಾಗಿ ಬರಬೇಕಾದುದು ೧೯೬೬ರಲ್ಲಿ ಮುಂಬಯಿಯಲ್ಲಿ ಪ್ರಕಟವಾದ ‘ಹಿಂದೂ ಕಲ್ಚರ್ ಅಂಡ್ ಪರ್ಸನಾಲಿಟಿ’. ವಿಯನ್ನಾ ನಗರದ ಫ್ರಾಯ್ಡನ ಮನೋವಿಶ್ಲೇಷಣೆಯನ್ನು ಹಿಡಿದು ಹಿಂದೂಗಳ ಸ್ವಭಾವವನ್ನು ನಿರೂಪಿಸಲು ಮಾಡಿದ ಯತ್ನವಿದು. ಯೂರೋಪಿನವನ ಮನಸ್ಸು ತಂದೆಯ ದಂಡನೆಯ ಭಯದಿಂದ ರೂಪುಗೊಂಡುದು, ಹಿಂದೂವಿನ ಮನಸ್ಸು ತನ್ನಲ್ಲಿಯೇ ರಮಿಸುವ ಸ್ವರತಿಯಿಂದ ರೂಪುಗೊಂಡುದು. ತಪಸ್ಸು, ಸಂನ್ಯಾಸ, ಆತ್ಮೈಕ್ಯದ ವೇದಾಂತ, ಮಾತೃದೇವತೆಯ ಆರಾಧನೆ, ಇವೆಲ್ಲಕ್ಕೂ ಅದೇ ಬೇರು ಎಂಬುದು ಅಲ್ಲಿಯ ಪ್ರಮೇಯ. ಇದನ್ನು ನಿಂದೆಯೆಂದು ತಿಳಿಯಬೇಕಾಗಿಲ್ಲ. ಈ ಸ್ವಭಾವದಿಂದ ಬಂದ ಸೌಮ್ಯತೆಯನ್ನೂ ಔದಾರ್ಯವನ್ನೂ ಲೇಖಕನು ಕಂಡಿದ್ದಾನೆ. ಆದರೆ ಪುರಾಣದ ಒಂದು ಉಪಾಖ್ಯಾನವನ್ನು ರೋಗಿಯ ಕನಸಿನಂತೆ ಭಾವಿಸಿ ಅರ್ಥಹೇಳುವುದರಲ್ಲಿ ದೊಡ್ಡ ತೊಡಕಿದೆ. ಉಪಕ್ರಮ, ಉಪಸಂಹಾರ, ಅಭ್ಯಾಸ ಮೊದಲಾದ ಲಿಂಗಗಳಿಂದ ತಾತ್ಪರ್ಯವನ್ನು ನಿರ್ಣಯಿಸದೆ ಕಥೆಯನ್ನು ಅದರ ಪ್ರಕರಣದಿಂದ ಕಿತ್ತುಕೊಂಡರೆ, ಬೇಕಾದ ಅರ್ಥವನ್ನು ಬೇಕಾದವರು ತೆಗೆಯಬಹುದು. ಆತ್ಮರತಿಯೆಂಬ ಉಪನಿಷತ್ತಿನ ಮಾತಿಗೂ ವಿಯನ್ನಾದ ವೈದ್ಯನ ಸ್ವರತಿಗೂ ಶಬ್ದಸಾಮ್ಯವಿರುವಷ್ಟು ಅರ್ಥಸಾಮ್ಯವಿಲ್ಲ. ಇಷ್ಟಾದರೂ, ನಲವತ್ತು ವರ್ಷ ಈ ದೇಶದಲ್ಲಿ ಸೆರೆಯಾಳಾಗಿ, ಗೃಹಸ್ಥನಾಗಿ, ಪತ್ರಿಕಾಕರ್ತನಾಗಿ ಬಾಳಿದವನು ನೆರೆಹೊರೆಯವರನ್ನು ಅರ್ಥಮಾಡಿಕೊಳ್ಳಲು ಪಟ್ಟ ಶ್ರಮವು ಪುಟಪುಟದಲ್ಲಿಯೂ ಕಾಣುತ್ತದೆ.

ಆ ನೆರೆಹೊರೆಯವರಿಗೆ ಇವರ ಮಾತು ಎಷ್ಟು ತಲಪಿತೆಂಬ ಪ್ರಶ್ನೆಯೊಂದು ಉಳಿಯುತ್ತದೆ. ಹೊಸಕೋಟೆಯ ಸಮೀಪದಲ್ಲಿ ೧೮೮೨ರಲ್ಲಿ ನೆಲೆಗೊಂಡ ವೈಟ್‌ಫೀಲ್ಡಿನ ಯೂರೇಷಿಯನ್ನರಂತೆ ಸ್ಪ್ರಾಟರು ಊರಿನಿಂದ ಬೇರೆಯಾಗಿ ಬಾಳಲು ಬಂದವರಲ್ಲ. ಭಾರತೀಯ ಕುಟುಂಬದೊಳಗೆ ಸೇರಿಹೋದವರು. ಆದರೂ ಅವರ ಭಾಷೆ ಅವರಿಗೆ ಬೇಲಿಯಾಯಿತು. ದೊಡ್ಡಬಳ್ಳಾಪುರದ ನೇಯಿಗೆಯವನಿಗೆ ನೂಲಿನ ನಿಯಂತ್ರಣದಿಂದಾದ ಕಷ್ಟ, ದೇವನಹಳ್ಳಿಯ ರೈತನಿಗೆ ಧಾನ್ಯದ ಲೆವಿಯಿಂದಾದ ಕಷ್ಟ, ಇವು ಸರ್ಕಾರದ ಹಿಡಿತವು ಮಿತಿಮೀರಬಾರದೆಂಬ ಸ್ಪ್ರಾಟರ ವಾದಕ್ಕೆ ಜೀವಂತ ದೃಷ್ಟಾಂತಗಳಾಗಬಹುದಾಗಿದ್ದುವು. ಆ ಜನರು ಓದುತ್ತಿದ್ದುದು ಕನ್ನಡದ ದಿನಪತ್ರಿಕೆಗಳನ್ನು; ಆಂಗ್ಲಭಾಷೆಯ ವಾರಪತ್ರಿಕೆ ಬೆಂಗಳೂರಿನ ವಾಚನಾಲಯಗಳ, ವಕೀಲರ, ಅಧ್ಯಾಪಕರ ಮೇಜನ್ನು ದಾಟಿ ಹೋಗುವುದು ಕಷ್ಟವಾಗಿದ್ದಿತು. ಗುಂಡಪ್ಪನವರೂ ಆಂಗ್ಲಭಾಷೆಯಲ್ಲಿ ‘ಕರ್ನಾಟಕ’ ಪತ್ರಿಕೆಯನ್ನು ನಡೆಸಿದವರೇ; ಆದರೆ ಅವರು ಕನ್ನಡದಲ್ಲಿ ‘ವೃತ್ತಪತ್ರಿಕೆ’, ‘ರಾಜ್ಯಶಾಸ್ತ್ರ’ಗಳನ್ನು ಬರೆದರು, ಕಗ್ಗವನ್ನು ಬರೆದರು. ಆದುದರಿಂದ ಅವರ ಮಾತು ಹಳ್ಳಿಯ ಶಾಲೆಯ ಉಪಾಧ್ಯಾಯನ ಬಾಯಲ್ಲಿಯೂ ಉಳಿದಿದೆ. ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ, ಅಧಿಕಾರದ ಅತಿರೇಕವನ್ನು ಇಬ್ಬರೂ ವಿಮರ್ಶಿಸಿದರು. ಒಬ್ಬರ ಪ್ರಮಾಣ ಧರ್ಮ, ಇನ್ನೊಬ್ಬರ ಪ್ರಮಾಣ ಧರ್ಮದ ಸಂಬಂಧವಿಲ್ಲದ ಬುದ್ಧಿ. ಬೆಂಗಳೂರಿನ ಪತ್ರಿಕಾಪ್ರಪಂಚದ ಚರಿತ್ರೆಯನ್ನು ಬರೆಯುವವರು ಎರಡನೆಯವರಿಗೂ ಒಂದು ಪ್ರಕರಣವನ್ನು ಮೀಸಲಿಡಬೇಕಾಗಿದೆ.

ಅರುವತ್ತರ ದಶಕದ ನಡುವೆ ಸ್ಪ್ರಾಟರು ಬೆಂಗಳೂರನ್ನು ಬಿಟ್ಟು ಮದರಾಸಿಗೆ ಹೋದರು. ಅಲ್ಲಿ ೧೯೫೬ರಲ್ಲಿ ಖಾಸಾ ಸುಬ್ಬರಾಯರು ಸ್ಥಾಪಿಸಿದ, ರಾಜಾಜಿಯವರ ಆಶ್ರಯದಲ್ಲಿ ಬೆಳೆದ ‘ಸ್ವರಾಜ್ಯ’ ಎಂಬ ವಾರಪತ್ರಿಕೆಯ ಸಂಪಾದನೆ ಇವರ ಪಾಲಿಗೆ ಬಂದಿತು. ೧೯೫೯ರಲ್ಲಿ ರಾಜಾಜಿಯವರು ಸ್ವತಂತ್ರ ಪಕ್ಷವನ್ನು ಕಟ್ಟಿದ ಬಳಿಕ ಆ ಪಕ್ಷದ ವಿಚಾರಗಳಿಗೆ ಮುಖ್ಯ ವೇದಿಕೆ ಇದೇ. ರಾಮಾಯಣ ಮಹಾಭಾರತಗಳನ್ನು ಸಂಗ್ರಹಿಸಿ ಬರೆದ ಆಸ್ತಿಕಶಿರೋಮಣಿಯ ಪತ್ರಿಕೆಯನ್ನು ನಾಸ್ತಿಕನಾದ ಹಳೆಯ ಕಮ್ಯೂನಿಸ್ಟನು ನಡೆಸಿದುದು ಇಬ್ಬರಿಗೂ ಗೌರವ ತರುವ ಸಂಗತಿ. ೧೯೬೭ರಲ್ಲಿ ಮದರಾಸು ರಾಜ್ಯದಲ್ಲಿ ದ್ರಾವಿಡ ಮುನ್ನೇತ್ರ ಕಳಗವು ಅಧಿಕಾರಕ್ಕೆ ಬಂದಿತು; ಆ ಆಳ್ವಿಕೆಯನ್ನು ಕುರಿತು ೧೯೭೦ರಲ್ಲಿ ಬರೆದ ಗ್ರಂಥವೇ ಅವರ ಕೊನೆಯ ಕೃತಿಗಳಲ್ಲೊಂದು.

ಮಂಗಳೂರಿನ ಘಾಟೆಯವರು ಕೊನೆಯ ವರೆಗೆ ತಮ್ಮ ಪಕ್ಷದಲ್ಲಿಯೇ ಇದ್ದು ೧೯೭೦ರಲ್ಲಿ ತೀರಿಕೊಂಡರು. ಸ್ಪ್ರಾಟರು ಅರ್ಬುದರೋಗಕ್ಕೆ ತುತ್ತಾಗಿ ೧೯೭೧ನೆಯ ಮಾರ್ಚ್ ೮ರಂದು ಮದರಾಸಿನಲ್ಲಿ ನಿಧನಹೊಂದಿದರು. ಅವರಿಗೆ ಆಗ ೬೮ ವರ್ಷ. ಅವುಗಳಲ್ಲಿ ೪೪ ವರ್ಷಗಳನ್ನು ಭಾರತದಲ್ಲಿ ಕಳೆದಿದ್ದರು.